ಸೇತುವೆ ಆಚೆಯ ಭಿಕ್ಷುಗಳು: ಕುಶಾಲನಗರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿಯಿತು, ಮೈಸೂರು ಜಿಲ್ಲೆ ಶುರು. ಕೊಪ್ಪದಲ್ಲಿ ಬಲಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪ್. ಲೆಕ್ಕದಲ್ಲಿ ಜಿಲ್ಲೆ ಬೇರೆಯಾದರೂ ಅಲ್ಲಿನ ಭಿಕ್ಷುಗಳಿಗೆ ಸಂತೆ, ಬಸ್‌ ಸ್ಟ್ಯಾಂಡ್‌, ಮೊಬೈಲ್‌ ರಿಪೇರಿ ಎಲ್ಲದಕ್ಕೂ ನಮ್ಮ ಕುಶಾಲನಗರವೇ ಬೇಕು. ಇಷ್ಟು ವರ್ಷದಿಂದ ಪಕ್ಕದಲ್ಲೇ ಇದ್ದಾರೆ. ಆದರೂ ಅವರ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ನೆಂಟರು ಬಂದಾಗ ಕರೆದುಕೊಂಡು ಹೋಗಿ ಚಿನ್ನದ ಮೂರ್ತಿ ತೋರಿಸುತ್ತೇವೆ, ಮೋಮೋ ತಿನ್ನುತ್ತೇವೆ, ವಾಪಸ್‌ ಬರುತ್ತೇವೆ. ಆಮೇಲೆ ಮನೆಯಲ್ಲಿ ಕೂತು ಪ್ರಶ್ನೆ ಕೇಳುತ್ತೇವೆ. ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ, ಬಸ್ಸಿನಲ್ಲಿ ಹಾಗೆ ಕೇಳಿದ ಪ್ರಶ್ನೆಗಳು ಇವು.

ಲಾಮಾ, ಭಿಕ್ಷು, ಗೆಶೆ, ರಿಂಪೋಚೆ, ಎಲ್ಲಾ ಒಂದೇನಾ? ಹೇಗೆ ಮಾತಾಡಿಸಬೇಕು?

ಒಂದೇ ಅಲ್ಲ. ದೀಕ್ಷೆ ಪೂರ್ತಿ ತೆಗೆದುಕೊಂಡವರು ಗೆಲಾಂಗ್‌, ಅಂದರೆ ಭಿಕ್ಷು. ಅವರಿಗೆ 253 ನಿಯಮಗಳಿವೆ. ಶ್ರೀಲಂಕಾ, ಥಾಯ್ಲೆಂಡ್‌ ಕಡೆಯ ಥೇರವಾದದಲ್ಲಿ 227. ಚಿಕ್ಕವರು ಗೆತ್ಸುಲ್‌, ಅಂದರೆ ಶ್ರಾಮಣೇರರು. ಲಾಮಾ ಅನ್ನುವುದು ಗುರುಸ್ಥಾನದಲ್ಲಿ ಇರುವವರಿಗೆ. ಹಾಗಾಗಿ ಸಂತೆಯಲ್ಲಿ ಟೊಮೆಟೊ ಆರಿಸುತ್ತಿರುವ ಹದಿನಾರರ ಹುಡುಗ ಲಾಮಾ ಆಗಿರಬೇಕಾಗಿಲ್ಲ. ಬೈಲಕುಪ್ಪೆಯ ಸೆರಾ ಮಠದ ಕಡೆ ಓದು ಮುಗಿಸಿ ಪದವಿ ಪಡೆದವರು ಗೆಶೆ, ಗೋಲ್ಡನ್‌ ಟೆಂಪಲ್‌ ಇರುವ ನಾಮ್‌ಡ್ರೋಲಿಂಗ್‌ ಮಠದ ಕಡೆ ಖೆನ್ಪೋ. ರಿಂಪೋಚೆ ಅನ್ನುವುದು ಹೆಚ್ಚಾಗಿ ಪುನರ್ಜನ್ಮದ ಗುರು ಎಂದು ಗುರುತಿಸಲ್ಪಟ್ಟವರಿಗೆ.

ಇಷ್ಟೆಲ್ಲ ನೆನಪಿಟ್ಟುಕೊಳ್ಳಬೇಕಾಗಿಲ್ಲ. ‘ಗುರುಗಳೇ’ ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾಠ ಹೇಳುವವರನ್ನು ಅವರವರು ‘ಗೆನ್‌-ಲಾ’ ಅನ್ನುತ್ತಾರೆ, ನೀವೂ ಅನ್ನಬಹುದು. ಒಂದು ಮಾತ್ರ ಬೇಡ. ಕೆಲವರು ಸುಮ್ನೆ ತಮಾಷೆಗೆ ‘ಚೈನೀಸ್‌’ ಅಂತ ಕರೆಯುತ್ತಾರೆ. ಅವರ ಹಿರಿಯರು ಊರು ಬಿಟ್ಟು ಬಂದದ್ದು ಯಾಕೆ ಅಂತ ಗೊತ್ತಿದ್ದವರು ಆ ಮಾತು ಆಡುವುದಿಲ್ಲ.

ಅವರು ಇಲ್ಲಿಗೇ ಯಾಕೆ ಬಂದರು?

1959ರಲ್ಲಿ ದಲೈ ಲಾಮಾ ಟಿಬೆಟ್‌ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಅವರು ನೆಲೆ ನಿಲ್ಲಲು ಜಾಗ ಬೇಕಿತ್ತು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. 1960ರ ದಶಕದ ಶುರುವಿನಲ್ಲಿ ಲುಗ್ಸುಂಗ್‌ ಸಮ್ದುಪ್ಲಿಂಗ್‌ ಎಂಬ ಮೊದಲ ವಸತಿ ಎದ್ದಿತು. ಆಮೇಲೆ 1969ರಲ್ಲಿ ಡಿಕ್ಯಿ ಲಾರ್ಸೋ ಬಂತು. ಆಗ ಅದೆಲ್ಲ ಕಾಡು. ಚಳಿ ದೇಶದಿಂದ ಬಂದವರಿಗೆ ಇಲ್ಲಿನ ಸೆಕೆ, ಮಳೆ, ಕಾಯಿಲೆ ಯಾವುದೂ ಒಗ್ಗಲಿಲ್ಲ. ಕಾಡು ಕಡಿದು ಮುಸುಕಿನ ಜೋಳ ಹಾಕಿದರು. ಜೋಳಕ್ಕೆ ಆನೆ ಬಂತು. ಆ ಕಷ್ಟ ನಮಗೆ ವಿವರಿಸಬೇಕಾಗಿಲ್ಲ, ಅಲ್ವಾ?

ಇವತ್ತು ಅಲ್ಲಿ ಓದುವ ಭಿಕ್ಷುಗಳೆಲ್ಲ ಟಿಬೆಟಿನವರೇ ಅಂದುಕೊಳ್ಳಬೇಡಿ. ಭೂತಾನ್‌, ನೇಪಾಳ, ಲಡಾಖ್‌, ಸಿಕ್ಕಿಂ, ಅರುಣಾಚಲದ ಹುಡುಗರೂ ಬಹಳ ಇದ್ದಾರೆ.

ಗೋಲ್ಡನ್‌ ಟೆಂಪಲ್‌ ಕಟ್ಟಿಸಿದವರು ಯಾರು?

ಪೆನೋರ್‌ ರಿಂಪೋಚೆ. ಒಬ್ಬ ಭಿಕ್ಷುವಿನ ಬದುಕು ಹೇಗಿರುತ್ತದೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇವರ ಕಥೆ. ಪೂರ್ವ ಟಿಬೆಟಿನ ಖಾಮ್‌ ಪ್ರಾಂತದಲ್ಲಿ 1932ರಲ್ಲಿ ಹುಟ್ಟಿದರು. ಞಿಂಗ್ಮಾ ಸಂಪ್ರದಾಯದ ಪಲ್ಯುಲ್‌ ಪರಂಪರೆಯ 11ನೇ ಪೀಠಾಧಿಪತಿ. ಟಿಬೆಟ್‌ ಬಿಟ್ಟು ಹೊರಟಾಗ ಜೊತೆಗೆ ಸುಮಾರು 300 ಜನ ಇದ್ದರು. ಗಡಿ ದಾಟಿ ಜೀವಂತ ಬಂದವರು ಸುಮಾರು 30 ಜನ.

ಬೈಲಕುಪ್ಪೆಗೆ ಬಂದು 1963ರಲ್ಲಿ ಬಿದಿರಿನ ಒಂದು ಸಣ್ಣ ಗುಡಿ ಕಟ್ಟಿದರು. ಜೊತೆಗಿದ್ದ ಭಿಕ್ಷುಗಳು ಬೆರಳೆಣಿಕೆಯಷ್ಟು. ಕಲ್ಲು ಮಣ್ಣು ಹೊರುವ ಕೆಲಸಕ್ಕೆ ಅವರೇ ನಿಂತರು. ಅಲ್ಲಿಂದ ಮುಂದೆ 1978ರಲ್ಲಿ ಭಿಕ್ಷುಗಳ ಮೇಲ್ಮಟ್ಟದ ಓದಿಗೆ ಙಗ್ಯುರ್‌ ಞಿಂಗ್ಮಾ ಇನ್‌ಸ್ಟಿಟ್ಯೂಟ್‌, 1993ರಲ್ಲಿ ಭಿಕ್ಷುಣಿಯರ ಮಠ, ಆಮೇಲೆ ಆಸ್ಪತ್ರೆ. ನಾವೆಲ್ಲ ಗೋಲ್ಡನ್‌ ಟೆಂಪಲ್‌ ಅನ್ನುವ ದೊಡ್ಡ ಮಂದಿರ ಉದ್ಘಾಟನೆಯಾದದ್ದು 1999ರಲ್ಲಿ, ಅಂದರೆ ಅವರು ಬಂದು 36 ವರ್ಷದ ನಂತರ. ಒಳಗಿರುವ ಮೂರು ಮೂರ್ತಿಗಳಲ್ಲಿ ನಡುವಿನ ಶಾಕ್ಯಮುನಿ ಬುದ್ಧ 60 ಅಡಿ. ಅಕ್ಕಪಕ್ಕದ ಪದ್ಮಸಂಭವ ಮತ್ತು ಅಮಿತಾಯುಸ್‌ 58 ಅಡಿ. ರಿಂಪೋಚೆ 2009ರಲ್ಲಿ ತೀರಿಕೊಂಡರು.

ನನಗೆ ಮುಖ್ಯ ಅನ್ನಿಸುವುದು ಅವರು ಹಿಡಿದ ಕೆಲಸದ ಕ್ರಮ. ಓದಿನ ಮನೆ ಮೊದಲು ಬಂತು, ಚಿನ್ನದ ಮಂದಿರ 21 ವರ್ಷ ಕಾಯಿತು. ನೋಡಲು ಬರುವವರಿಗೆ ಕಾಣುವುದು ಕೊನೆಗೆ ಬಂದದ್ದು ಮಾತ್ರ.

ಅವರು ಇಡೀ ದಿನ ಧ್ಯಾನ ಮಾಡುತ್ತಾ ಇರುತ್ತಾರಾ?

ಇಲ್ಲ. ಇದು ಎಲ್ಲರಿಗೂ ಆಶ್ಚರ್ಯ. ಅವರ ದಿನದ ಹೆಚ್ಚು ಪಾಲು ಹೋಗುವುದು ಓದಿಗೆ. ಬೆಳಕು ಹರಿಯುವ ಮೊದಲೇ ಎದ್ದು ಪ್ರಾರ್ಥನೆ, ಚಹಾ, ಪಾಠ, ಬಾಯಿಪಾಠ, ಮತ್ತೆ ಪಾಠ. ನಾಮ್‌ಡ್ರೋಲಿಂಗ್‌ನ ಓದು 9 ವರ್ಷದ್ದು. ಸೆರಾದಲ್ಲಿ ಗೆಶೆ ಆಗಲು ಇಪ್ಪತ್ತರ ಹತ್ತಿರ ವರ್ಷ ಹಿಡಿಯುತ್ತದೆ. ನಮ್ಮ ಮಕ್ಕಳು ಎಂಬಿಬಿಎಸ್‌ ಮುಗಿಸಿ, ಎಂಡಿ ಮುಗಿಸಿ, ಕ್ಲಿನಿಕ್‌ ಹಾಕಿದ ಮೇಲೂ ಅವರ ಓದು ಮುಗಿದಿರುವುದಿಲ್ಲ.

ಸಾಧ್ಯವಾದರೆ ಒಮ್ಮೆ ಸೆರಾ ಮಠದ ವಾದದ ಅಂಗಳ ನೋಡಿ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ. ಅವನು ಉತ್ತರ ಹೇಳುವವನು. ಇನ್ನೊಬ್ಬ ಎದುರಿಗೆ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ಎಡಗಾಲು ಎತ್ತಿ ನೆಲಕ್ಕೆ ಬಡಿದು, ಬಲಗೈಯನ್ನು ಎಡಗೈ ಮೇಲೆ ಚಟ್‌ ಅಂತ ಹೊಡೆಯುತ್ತಾನೆ. ಕೂತವನು ತಡವರಿಸಿದರೆ ಸುತ್ತ ಇದ್ದವರು ಗೇಲಿ ಮಾಡುತ್ತಾರೆ. ನೂರಾರು ಜೋಡಿ ಹೀಗೆ ಒಟ್ಟಿಗೆ ಕೂಗಾಡುತ್ತಿದ್ದರೆ ಜಗಳವೇ ಆಗುತ್ತಿದೆ ಅನ್ನಿಸುತ್ತದೆ. ನಡೆಯುತ್ತಿರುವುದು ಮಾತ್ರ ‘ಮಡಕೆ ಶಾಶ್ವತವೋ ಅಲ್ಲವೋ’ ಅನ್ನುವಂಥ ತರ್ಕ. ಶಾಂತವಾಗಿ ಕಣ್ಣು ಮುಚ್ಚಿ ಕೂತ ಸನ್ಯಾಸಿಗಳನ್ನು ನೋಡಲು ಬಂದ ಪ್ರವಾಸಿಗರ ಮುಖ ಆಗ ನೋಡಬೇಕು.

ಧ್ಯಾನಕ್ಕೇ ಮೀಸಲಾದ ಕಾಲ ಬೇರೆ ಇದೆ. ಓದು ಮುಗಿಸಿದವರಲ್ಲಿ ಕೆಲವರು ಮೂರು ವರ್ಷದ ಏಕಾಂತಕ್ಕೆ ಕೂರುತ್ತಾರೆ. ಮೊದಲು ಓದಿ, ವಾದ ಮಾಡಿ, ಆಮೇಲೆ ಕೂತುಕೋ ಅನ್ನುವ ಈ ಕ್ರಮ ನನಗೆ ಸರಿ ಅನ್ನಿಸುತ್ತದೆ. ನಾವು ಆ್ಯಪ್‌ ಹಾಕಿಕೊಂಡು ನೇರ ಕೂತುಬಿಡುತ್ತೇವೆ.

ದುಡಿಯುವುದಿಲ್ಲ, ಮದುವೆ ಇಲ್ಲ, ಬೇರೆಯವರ ಅನ್ನ. ಇದು ಸುಲಭದ ಜೀವನ ಅಲ್ವಾ?

ಈ ಪ್ರಶ್ನೆ ಹೊಸದಲ್ಲ, ಬುದ್ಧನಿಗೇ ಕೇಳಿದ್ದರು. ಕಸಿ ಭಾರದ್ವಾಜ ಎಂಬ ರೈತ ಉಳುಮೆ ಸಮಯದಲ್ಲಿ ಭಿಕ್ಷೆಗೆ ಬಂದ ಬುದ್ಧನಿಗೆ, ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೇ ಮಾಡು ಅಂದ. ನಾನೂ ಉಳುತ್ತೇನೆ, ಶ್ರದ್ಧೆಯೇ ಬೀಜ ಅಂದ ಬುದ್ಧ.

ವಿನಯದ, ಅಂದರೆ ಭಿಕ್ಷುಗಳ ಶಿಸ್ತಿನ ಕಟ್ಟಳೆಯ, ನಿಯಮಗಳನ್ನು ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಭಿಕ್ಷು ನೆಲ ಅಗೆಯಬಾರದು. ಗಿಡ ಕಡಿಯಬಾರದು. ಇವತ್ತಿನ ಅನ್ನ ನಾಳೆಗೆ ಎತ್ತಿಡಬಾರದು. ಅಂದರೆ ಊರು ಬಿಟ್ಟು ಕಾಡಿನಲ್ಲಿ ಒಬ್ಬನೇ ಬದುಕಲು ದಾರಿಯೇ ಇಲ್ಲದ ಹಾಗೆ ಕಟ್ಟಿಹಾಕಿದ್ದಾರೆ. ದಿನವೂ ಯಾರದೋ ಮನೆ ಬಾಗಿಲಿಗೆ ಬರಬೇಕು. ಬಂದಾಗ ಆ ಮನೆಯವರ ಕಷ್ಟ ಸುಖ ಕಿವಿಗೆ ಬೀಳಬೇಕು. ಊರಿನವರು ಬೇಸತ್ತು ಅನ್ನ ನಿಲ್ಲಿಸಿದರೆ ಮಠ ನಿಂತುಹೋಗುತ್ತದೆ. ಸಂಸಾರ ಬಿಟ್ಟವರು ಸಮಾಜದ ಕೈಯಲ್ಲಿ ಇಷ್ಟು ಸಿಕ್ಕಿಹಾಕಿಕೊಂಡಿರುವ ವ್ಯವಸ್ಥೆ ಬೇರೆ ಕಡೆ ನೋಡಿದ್ದು ಕಡಿಮೆ.

ಬೈಲಕುಪ್ಪೆಯಲ್ಲಿ ಶುರುವಿನ ವರ್ಷಗಳಲ್ಲಿ ಈ ನಿಯಮ ಪಾಲಿಸುವ ಸ್ಥಿತಿ ಇರಲಿಲ್ಲ. 1419ರಲ್ಲಿ ಲಾಸಾ ಹತ್ತಿರ ಶುರುವಾದ ಸೆರಾ ಮಠದ ಭಿಕ್ಷುಗಳು 1970ರ ಆಸುಪಾಸಿನಲ್ಲಿ ಬಂಗಾಳದ ಬಕ್ಸಾದಿಂದ ಇಲ್ಲಿಗೆ ಬಂದಾಗ ಅವರೇ ಕಾಡು ಕಡಿದರು, ಅವರೇ ಜೋಳ ಬಿತ್ತಿದರು. ಹಗಲು ಹೊಲ, ರಾತ್ರಿ ಓದು. ಸುಲಭದ ಜೀವನ ಅನ್ನುವವರು ಆ ಪೀಳಿಗೆಯ ಒಬ್ಬ ಹಿರಿಯ ಭಿಕ್ಷುವಿನ ಅಂಗೈ ನೋಡಲಿ.

ಈಗ ಮನೆಮನೆಗೆ ಭಿಕ್ಷೆಗೆ ಹೋಗುವ ಪದ್ಧತಿ ಇಲ್ಲಿಲ್ಲ. ದೊಡ್ಡ ಅಡುಗೆಮನೆ ಇದೆ. ಭಕ್ತರ ಕಾಣಿಕೆ, ಪೂಜೆ ಮಾಡಿಸುವವರ ದಾನ, ಮಠದ ಅಂಗಡಿ ಮತ್ತು ಅತಿಥಿಗೃಹಗಳ ಆದಾಯದಿಂದ ನಡೆಯುತ್ತದೆ. ಅಡುಗೆ, ಗುಡಿಸುವುದು, ಸಾಮಾನು ತರುವುದು ಎಲ್ಲ ಅವರವರ ಸರದಿ.

ಜನರಿಗೆ ಅವರಿಂದ ಏನು ಉಪಯೋಗ?

ಕಣ್ಣಿಗೆ ಕಾಣುವ ಸೇವೆ ಇದೆ. ಶಾಲೆ, ಆಸ್ಪತ್ರೆ, ಅನಾಥ ಮಕ್ಕಳಿಗೆ ಊಟ ವಸತಿ. ಬೈಲಕುಪ್ಪೆಯ ಟಿಬೆಟಿಯನ್‌ ವೈದ್ಯದ ಚಿಕಿತ್ಸಾಲಯಕ್ಕೆ ನಮ್ಮ ಕಡೆಯಿಂದಲೂ ಮಂಡಿನೋವು, ಗ್ಯಾಸ್ಟ್ರಿಕ್‌ ಅಂತ ಹೋಗುವವರಿದ್ದಾರೆ. ಅದು ಮಠದ್ದಲ್ಲ, ಅದನ್ನು ನಡೆಸುವ ಸಂಸ್ಥೆ ಬೇರೆ.

ಆದರೆ ಹೆಚ್ಚಿನ ಕೆಲಸ ಕಾಣದೆ ನಡೆಯುತ್ತದೆ. ಸಾವಿನ ಮನೆಗೆ ಹೋಗುವುದು. ಅವರ ನಂಬಿಕೆಯಲ್ಲಿ ಸತ್ತವರಿಗೆ ಮುಂದಿನ ಜನ್ಮ ಸಿಗಲು 49 ದಿನದವರೆಗೆ ಹಿಡಿಯಬಹುದು. ಅಷ್ಟೂ ದಿನ ಪ್ರಾರ್ಥನೆ ಇರುತ್ತದೆ, ವಾರಕ್ಕೊಮ್ಮೆ ಜಾಸ್ತಿ. ಆ ಮನೆಯವರು ಏಳು ವಾರ ಒಂಟಿಯಾಗಿ ಉಳಿಯುವುದಿಲ್ಲ. ನಮ್ಮಲ್ಲಿ ತಿಥಿ ಊಟದ ಮರುದಿನ ಎಲ್ಲರೂ ಹೊರಟುಹೋಗುತ್ತಾರೆ, ಆಮೇಲಿನ ಮೌನ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮಗುವಿಗೆ ಹೆಸರಿಡುವುದು, ಗಂಡ ಹೆಂಡತಿ ಜಗಳದಲ್ಲಿ ಇಬ್ಬರ ಮಾತೂ ಕೇಳುವುದು, ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕೂರುವುದು, ಇವೆಲ್ಲ ಯಾವ ವರದಿಯಲ್ಲೂ ಬರುವುದಿಲ್ಲ.

ಧ್ಯಾನ ಹೇಗೆ ಶುರು ಮಾಡಬೇಕು? ಸರಳವಾಗಿ ಹೇಳಿ.

ಮಠದ ಗೋಡೆಗಳ ಮೇಲೆ ಒಂದು ಚಿತ್ರ ಇರುತ್ತದೆ. ಅಂಕುಡೊಂಕು ದಾರಿ, ಅದರಲ್ಲಿ ಒಂದು ಆನೆ, ಒಂದು ಕೋತಿ, ಒಬ್ಬ ಭಿಕ್ಷು. ಮನಸ್ಸು ನೆಲೆ ನಿಲ್ಲುವ ಒಂಬತ್ತು ಹಂತಗಳನ್ನು ತೋರಿಸುವ ಚಿತ್ರ ಅದು. ಧ್ಯಾನದ ಪಾಠ ಪೂರ್ತಿ ಅದರಲ್ಲೇ ಇದೆ. ದುಬಾರೆಯ ಆನೆ ಶಿಬಿರ ನೋಡಿದ ನಮಗಂತೂ ಬೇಗ ಅರ್ಥವಾಗುತ್ತದೆ.

ಕೆಳಗೆ, ಮೊದಲ ಹಂತದಲ್ಲಿ, ಆನೆ ಕಪ್ಪಗಿದೆ. ಮುಂದೆ ಕೋತಿ ಎಳೆದುಕೊಂಡು ಓಡುತ್ತಿದೆ. ಭಿಕ್ಷು ಹಿಂದೆ ದೂರದಲ್ಲಿ ಹಗ್ಗ ಮತ್ತು ಅಂಕುಶ ಹಿಡಿದು ಓಡೋಡಿ ಬರುತ್ತಿದ್ದಾನೆ. ಆನೆ ಅಂದರೆ ಮನಸ್ಸು. ಅದರ ಕಪ್ಪು ಬಣ್ಣ ಮಂಕುತನ, ತೂಕಡಿಕೆ. ಕೋತಿ ಅಂದರೆ ಚಂಚಲತೆ. ಹಗ್ಗ ಅಂದರೆ ಮರೆಯದೆ ಇರುವುದು. ಅಂಕುಶ ಅಂದರೆ ಎಚ್ಚರ. ದಾರಿಯ ಪಕ್ಕದಲ್ಲಿ ಬೆಂಕಿ ಉರಿಯುತ್ತದೆ, ಅದು ಹಾಕಬೇಕಾದ ಶ್ರಮ. ಮೇಲೆ ಹೋದ ಹಾಗೆ ಬೆಂಕಿ ಚಿಕ್ಕದಾಗುತ್ತದೆ. ಆನೆ ತಲೆಯಿಂದ ಶುರುವಾಗಿ ಬೆಳ್ಳಗಾಗುತ್ತ ಹೋಗುತ್ತದೆ. ಮೂರನೇ ಹಂತದಲ್ಲಿ ಹಗ್ಗ ಆನೆಯ ಕುತ್ತಿಗೆಗೆ ಬೀಳುತ್ತದೆ, ಆದರೆ ಅದೇ ಹೊತ್ತಿಗೆ ಆನೆಯ ಬೆನ್ನ ಮೇಲೆ ಒಂದು ಮೊಲ ಕಾಣಿಸಿಕೊಳ್ಳುತ್ತದೆ. ಈ ಮೊಲ ನನಗೆ ಬಹಳ ಇಷ್ಟ. ಅದು ಸೂಕ್ಷ್ಮವಾದ ಮಂಪರು. ಧ್ಯಾನ ಚೆನ್ನಾಗಿ ಆಗುತ್ತಿದೆ, ಎಷ್ಟು ಹಾಯಾಗಿದೆ ಅಂತ ಅನ್ನಿಸುತ್ತಿರುತ್ತದೆ, ಅಲ್ಲೇ ಅರ್ಧ ನಿದ್ದೆ. ಕಾಲು ಗಂಟೆ ‘ಶಾಂತಿ’ ಸಿಕ್ಕಿತು ಅನ್ನುವವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಮೊಲ.

ಕೊನೆಗೆ ಕೋತಿ ಹಿಂದೆ ಬಿದ್ದು ಕಾಣೆಯಾಗುತ್ತದೆ. ಒಂಬತ್ತನೇ ಹಂತದಲ್ಲಿ ಬೆಳ್ಳಗಿನ ಆನೆ ಭಿಕ್ಷುವಿನ ಪಕ್ಕ ಮಲಗಿದೆ. ಆಮೇಲೆ ಅವನು ಅದರ ಮೇಲೆ ಹತ್ತಿ ಕೂರುತ್ತಾನೆ. ಆನೆಯನ್ನು ಯಾರೂ ಕೊಲ್ಲುವುದಿಲ್ಲ, ಓಡಿಸುವುದೂ ಇಲ್ಲ. ಪಳಗಿಸಿ ಕೆಲಸಕ್ಕೆ ಹಚ್ಚುತ್ತಾರೆ. ಮನಸ್ಸನ್ನು ಖಾಲಿ ಮಾಡಬೇಕು ಅಂತ ಹೇಳುವವರು ಈ ಚಿತ್ರ ನೋಡಿಲ್ಲ.

ಈಗ ಮಾಡುವ ಕ್ರಮ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂರಿ. ಸೊಂಟ ಮಂಡಿಗಿಂತ ಸ್ವಲ್ಪ ಎತ್ತರ ಇರಲಿ. ಬೆನ್ನು ನೇರ. ಟಿಬೆಟಿಯನ್‌ ಪದ್ಧತಿಯಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಅರ್ಧ ತೆರೆದು ಮೂಗಿನ ನೇರಕ್ಕೆ ಕೆಳಗೆ ನೋಟ ಬಿಡುತ್ತಾರೆ. ಉಸಿರು ಒಳಗೆ ಹೋಗಿ ಹೊರಗೆ ಬಂದರೆ ಒಂದು. ಹೀಗೆ 21ರವರೆಗೆ ಎಣಿಸಿ. ನಡುವೆ ಲೆಕ್ಕ ತಪ್ಪಿದರೆ ಬೈದುಕೊಳ್ಳದೆ ಮತ್ತೆ ಒಂದರಿಂದ. ಹತ್ತು ನಿಮಿಷ ಸಾಕು. ದಿನಾ ಹತ್ತು ನಿಮಿಷ ಕೂರುವವರು, ಭಾನುವಾರ ಮಾತ್ರ ಎರಡು ಗಂಟೆ ಕೂರುವವರಿಗಿಂತ ಮುಂದೆ ಹೋಗುತ್ತಾರೆ. ಮೊಬೈಲ್‌ ಬೇರೆ ಕೋಣೆಯಲ್ಲಿರಲಿ, ಸೈಲೆಂಟ್‌ ಮಾಡಿ ಪಕ್ಕದಲ್ಲಿಟ್ಟರೆ ಆಗುವುದಿಲ್ಲ.

ಕೊನೆಯ ಎರಡು ನಿಮಿಷ ಮೈತ್ರಿಗೆ ಇಡಿ. ಮೊದಲು ನಿಮಗೆ ಒಳ್ಳೆಯದಾಗಲಿ ಅಂದುಕೊಳ್ಳಿ, ಆಮೇಲೆ ಮನೆಯವರಿಗೆ, ಆಮೇಲೆ ಅಷ್ಟಾಗಿ ಪರಿಚಯವಿಲ್ಲದ ಒಬ್ಬರಿಗೆ, ಕೊನೆಗೆ ಬೇಲಿ ವಿಷಯಕ್ಕೆ ನಿಮ್ಮ ಮೇಲೆ ಕೇಸು ಹಾಕಿದ ಪಕ್ಕದ ತೋಟದವರಿಗೆ. ಕೊನೆಯದು ಕಷ್ಟ. ಪಾಠ ಇರುವುದು ಅಲ್ಲೇ.

ನೆಲಕ್ಕೆ ಕೂರಲು ಆಗುವುದಿಲ್ಲ, ಮಂಡಿ ನೋವು.

ಕುರ್ಚಿ ಮೇಲೆ ಕೂರಿ. ಪಾದ ನೆಲ ಮುಟ್ಟಲಿ, ಬೆನ್ನು ಒರಗಬೇಡಿ. ಯಾವ ಗುರುವೂ ಇದಕ್ಕೆ ಬೇಡ ಅನ್ನುವುದಿಲ್ಲ.

ಧ್ಯಾನದಿಂದ ಡಿಪ್ರೆಶನ್‌, ಕುಡಿತ ಎಲ್ಲಾ ವಾಸಿ ಆಗುತ್ತಾ?

ಧ್ಯಾನ ಔಷಧಿ ಅಲ್ಲ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಮೊದಲು ಡಾಕ್ಟರ್‌ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್‌ ಸಹಾಯವಾಣಿ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೀರಾ ನೊಂದ ಸ್ಥಿತಿಯಲ್ಲಿ ಹತ್ತು ದಿನ ಮೌನವಾಗಿ ಕೂರುವ ಶಿಬಿರಕ್ಕೆ ಹೋದರೆ ಕೆಲವರಿಗೆ ತೊಂದರೆ ಜಾಸ್ತಿ ಆಗುವುದೂ ಉಂಟು. ಮಾತ್ರೆ ನಿಲ್ಲಿಸಿ ಧ್ಯಾನ ಮಾಡು ಅನ್ನುವವರು ಕಾವಿ ಉಟ್ಟಿರಲಿ, ಕೋಟು ತೊಟ್ಟಿರಲಿ, ಅವರ ಮಾತು ಕೇಳಬೇಡಿ.

ನಾವು ಪಂದಿ ಕರಿ ತಿನ್ನುವವರು. ಮದುವೆ ಮನೆಯಲ್ಲಿ ಒಂದು ಪೆಗ್‌ ಕೂಡ ಹಾಕುತ್ತೇವೆ. ನಮಗೆ ಹೇಳಿಕೊಡುತ್ತಾರಾ?

ಹೇಳಿಕೊಡುತ್ತಾರೆ. ಟಿಬೆಟಿನಲ್ಲಿ ತರಕಾರಿ ಬೆಳೆಯುವುದೇ ಕಷ್ಟ, ಅವರೂ ಮಾಂಸ ತಿಂದು ಬೆಳೆದವರೇ. ವಿನಯದ ಪ್ರಕಾರ ತನಗೋಸ್ಕರ ಕೊಂದದ್ದನ್ನು ನೋಡಿಲ್ಲ, ಕೇಳಿಲ್ಲ, ಹಾಗೆಂಬ ಅನುಮಾನವೂ ಇಲ್ಲ ಅಂದರೆ ಭಿಕ್ಷು ಮಾಂಸ ತಿನ್ನಬಹುದು. ಹಾಗಿದ್ದೂ ಈಗ ಹಲವು ಮಠಗಳ ದೊಡ್ಡ ಅಡುಗೆಮನೆಯಲ್ಲಿ ಮಾಂಸ ಮಾಡುವುದಿಲ್ಲ. ಗೃಹಸ್ಥರಿಗೆ ಇರುವುದು ಪಂಚಶೀಲ: ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚಾರ ಮಾಡದಿರುವುದು, ಸುಳ್ಳು ಹೇಳದಿರುವುದು, ಅಮಲು ತರಿಸುವುದನ್ನು ಕುಡಿಯದಿರುವುದು. ಟಿಬೆಟಿಯನ್‌ ಸಂಪ್ರದಾಯದಲ್ಲಿ ಐದೂ ಒಟ್ಟಿಗೆ ತೆಗೆದುಕೊಳ್ಳಲೇಬೇಕು ಅಂತಿಲ್ಲ, ಪಾಲಿಸಲು ಆಗುವಷ್ಟನ್ನು ತೆಗೆದುಕೊಳ್ಳಬಹುದು. ಉಸಿರು ಎಣಿಸಲು ಕಲಿಯುವುದಕ್ಕೆ ಶೀಲ ತೆಗೆದುಕೊಂಡಿರಬೇಕು ಅಂತಲೂ ಇಲ್ಲ. ಪೆಗ್‌ ಹಾಕಿದ ದಿನ ಕೂರಬೇಡಿ, ಅಷ್ಟೇ. ಮೊಲ ಬೇಗ ಬರುತ್ತದೆ.

ತೋಟದಲ್ಲಿ ಕೀಟ ಕೊಲ್ಲದೆ ಕಾಫಿ ಬೆಳೆಯುವುದು ಹೇಗೆ?

ಪ್ರಾಮಾಣಿಕ ಪ್ರಶ್ನೆ. ಇದಕ್ಕೆ ಸಲೀಸಾದ ಉತ್ತರ ಇಲ್ಲ. ಬೌದ್ಧರ ಲೆಕ್ಕದಲ್ಲಿ ಕರ್ಮ ಅಂದರೆ ಚೇತನ, ಅಂದರೆ ಉದ್ದೇಶ. ನಡೆಯುವಾಗ ಗೊತ್ತಿಲ್ಲದೆ ಇರುವೆ ಸತ್ತರೆ ಅದು ಕೊಲೆಯಲ್ಲ. ಕಾಂಡಕೊರಕ ಸಾಯಲಿ ಅಂತಲೇ ಔಷಧಿ ಹೊಡೆದರೆ ಅದು ಕೊಲ್ಲುವುದೇ. ತೋಟಗಾರನಿಗೆ ವಿನಾಯಿತಿ ಚೀಟಿ ಯಾರೂ ಬರೆದುಕೊಡುವುದಿಲ್ಲ. ಆದರೆ ಕಡಿಮೆ ಮಾಡುವ ದಾರಿ ಇದೆ. ಅರೇಬಿಕಾದಲ್ಲಿ ನೆರಳು ಸರಿಯಾಗಿದ್ದರೆ ಬಿಳಿ ಕಾಂಡಕೊರಕದ ಹಾವಳಿ ಇಳಿಯುತ್ತದೆ, ಬಿಸಿಲು ಬಿದ್ದ ಗಿಡಕ್ಕೇ ಅದು ಜಾಸ್ತಿ ಬರುವುದು. ಕುಯ್ಲಿನಲ್ಲಿ ಉದುರಿದ ಹಣ್ಣನ್ನು ಬಿಡದೆ ಆಯ್ದರೆ ಕಾಯಿಕೊರಕಕ್ಕೆ ಮುಂದಿನ ವರ್ಷಕ್ಕೆ ಮನೆ ಸಿಗುವುದಿಲ್ಲ. ಇವು ಕಾಫಿ ಮಂಡಳಿಯವರು ಹೇಳುವ ಮಾತೇ. ಶಿಲೀಂಧ್ರ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಕ್ಕೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಶಿಲೀಂಧ್ರ, ಗಿಡಗಳನ್ನು ಅವರು ಜೀವಿಗಳ ಪಟ್ಟಿಗೆ ಸೇರಿಸುವುದಿಲ್ಲ.

ಮಿಲಿಟರಿಯಲ್ಲಿ ಇದ್ದವರು?

ಮನೆಗೊಬ್ಬ ಸೈನಿಕ ಇರುವ ಜಿಲ್ಲೆಯಲ್ಲಿ ಇದು ಬಂದೇ ಬರುತ್ತದೆ. ಸೇವೆಯಲ್ಲಿ ಇರುವವರು ಭಿಕ್ಷು ಆಗುವಂತಿಲ್ಲ. ಬಿಂಬಿಸಾರನ ಸೈನಿಕರು ಯುದ್ಧ ತಪ್ಪಿಸಿಕೊಳ್ಳಲು ಸಂಘ ಸೇರಿದರು, ರಾಜ ದೂರು ಕೊಟ್ಟ, ಬುದ್ಧ ಆಮೇಲೆ ಅದನ್ನು ತಡೆದ. ನಿವೃತ್ತರಿಗೆ ಅಡ್ಡಿಯಿಲ್ಲ. ಧ್ಯಾನ ಕಲಿಯಲು ಯಾರಿಗೂ ಅಡ್ಡಿಯಿಲ್ಲ. ಹೇಳಿದ ಹೊತ್ತಿಗೆ ಎದ್ದು, ಹೇಳಿದಷ್ಟು ಹೊತ್ತು ಅಲ್ಲಾಡದೆ ಕೂರುವವರು ನಮ್ಮಲ್ಲಿ ಯಾರಾದರೂ ಇದ್ದರೆ ಅವರು ನಿವೃತ್ತ ಸುಬೇದಾರರೇ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡುವುದು ತಪ್ಪಾ ಅಂತ ಕೇಳುವವರೂ ಇದ್ದಾರೆ. ಅದನ್ನು ಭಿಕ್ಷುಗಳು ಯಾವತ್ತೂ ಕೆದಕುವುದಿಲ್ಲ, ನೀವೂ ಬಿಡಿ.

ಅವರ ಹತ್ತಿರ ಕಲಿತರೆ ನಮ್ಮ ಧರ್ಮ ಬಿಡಬೇಕಾ?

ಬೇಡ. ಮನೆದೇವರನ್ನು ಬಿಡಿ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಇಗ್ಗುತಪ್ಪ, ಕಾವೇರಮ್ಮೆ, ಐನ್‌ಮನೆಯ ಮೂಲಪುರುಷ ಗುರುಕಾರೋಣ ಎಲ್ಲ ಇದ್ದ ಕಡೆಯೇ ಇರಲಿ. ಹುಟ್ಟಿದ ಧರ್ಮದಲ್ಲೇ ಇದ್ದು ಕಲಿಯಿರಿ ಅಂತ ದಲೈ ಲಾಮಾ ಅವರೇ ಬಹಳ ಸಲ ಹೇಳಿದ್ದಾರೆ.

ಇನ್ನು, ಬೌದ್ಧ ಧರ್ಮ ಕರ್ನಾಟಕಕ್ಕೆ 1960ರಲ್ಲಿ ಬಂದದ್ದೇನೂ ಅಲ್ಲ. ಮಸ್ಕಿ, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನಗಳಿವೆ. ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪ ಸಿಕ್ಕಿದೆ. ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿಯಲ್ಲಿ ಕ್ರಿ.ಶ. 968ರ ಶಾಸನ ಇದೆ. ಘಟ್ಟ ಇಳಿದು ಮಂಗಳೂರಿಗೆ ಹೋದಾಗ ನೋಡಿ ಬನ್ನಿ.

ಮಗ ಭಿಕ್ಷು ಆಗುತ್ತೇನೆ ಅನ್ನುತ್ತಿದ್ದಾನೆ. ಏನು ಮಾಡುವುದು?

ಮೊದಲು ಗಾಬರಿಯಾಗಬೇಡಿ. ನಿಮ್ಮ ಒಪ್ಪಿಗೆ ಇಲ್ಲದೆ ದೀಕ್ಷೆ ಕೊಡುವಂತಿಲ್ಲ. ಮಗ ರಾಹುಲನಿಗೆ ದೀಕ್ಷೆ ಕೊಟ್ಟಾಗ ಬುದ್ಧನ ತಂದೆ ಶುದ್ಧೋದನ ಬಹಳ ನೊಂದುಕೊಂಡ. ಆಮೇಲೆ ಬಂದ ನಿಯಮ ಅದು. ಪೂರ್ಣ ದೀಕ್ಷೆಗೆ 20 ವರ್ಷ ಆಗಿರಬೇಕು. ಶ್ರಾಮಣೇರ ಆಗಲು ಕಾಗೆ ಓಡಿಸುವಷ್ಟು ದೊಡ್ಡವನಾಗಿದ್ದರೆ ಸಾಕು ಅಂತ ಹಳೆಯ ಮಾತು. ಸಾಲ ಇರುವವರಿಗೂ ದೀಕ್ಷೆ ಇಲ್ಲ. ಬೆಳೆಸಾಲದ ಲೆಕ್ಕ ಹಿಡಿದರೆ ಕೊಡಗಿನಿಂದ ಭಿಕ್ಷುಗಳು ಹೊರಡುವುದು ಸದ್ಯಕ್ಕೆ ಕಷ್ಟವೇ.

ಹುಡುಗ ನಿಜವಾಗಿ ಹೇಳುತ್ತಿದ್ದಾನಾ, ಪಿಯುಸಿ ರಿಸಲ್ಟ್‌ಗೆ ಹೆದರಿದ್ದಾನಾ, ಪ್ರೀತಿಯಲ್ಲಿ ಸೋತಿದ್ದಾನಾ ಅಂತ ನೋಡಿ. ಬೈದು ಬಾಗಿಲು ಹಾಕಬೇಡಿ. ಒಂದು ವರ್ಷ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅರ್ಧ ಗಂಟೆ ಕೂತು ತೋರಿಸು ಅನ್ನಿ. ಟಿಬೆಟಿಯನ್‌ ಸಂಪ್ರದಾಯದಲ್ಲಿ ದೀಕ್ಷೆ ಜೀವನಪೂರ್ತಿಗೆ. ಬರ್ಮಾ, ಥಾಯ್ಲೆಂಡ್‌ ಕಡೆಯ ಹಾಗೆ ಮೂರು ತಿಂಗಳಿಗೆ ಭಿಕ್ಷು ಆಗಿ ವಾಪಸ್‌ ಬರುವ ಪದ್ಧತಿ ಇಲ್ಲ. ಬಿಟ್ಟು ಬರುವವರು ಇದ್ದಾರೆ, ಅದು ಅಪರಾಧವೂ ಅಲ್ಲ. ಆದರೆ ಹೊರಡುವ ಮೊದಲೇ ವಾಪಸ್‌ ಟಿಕೆಟ್‌ ಬುಕ್‌ ಮಾಡಿಕೊಳ್ಳುವ ವಿಷಯ ಇದಲ್ಲ.

ಮಳೆಗಾಲದಲ್ಲಿ ಭೇಟಿಗೆ ಸಿಗುತ್ತಾರಾ?

ಮಳೆಗಾಲದಲ್ಲಿ ಅವರಿಗೆ ವರ್ಷಾವಾಸ. ಟಿಬೆಟಿಯನ್‌ ಪಂಚಾಂಗದ ಆರನೇ ತಿಂಗಳ ಹುಣ್ಣಿಮೆ ಹೊತ್ತಿಗೆ, ಅಂದರೆ ಜುಲೈ-ಆಗಸ್ಟ್‌ನಲ್ಲಿ ಶುರುವಾಗುತ್ತದೆ. ವ್ರತ ಹಿಡಿದವರು ಮಠದ ಮೇರೆ ದಾಟಿ ಹೋಗುವುದಿಲ್ಲ. ಬುದ್ಧನ ಕಾಲದಲ್ಲಿ ಜನ ಗೊಣಗಿದ್ದರು: ಮಳೆಯಲ್ಲೂ ಈ ಸನ್ಯಾಸಿಗಳು ತಿರುಗಾಡಿ ಎಳೆ ಪೈರು ತುಳಿಯುತ್ತಾರೆ, ಸಣ್ಣಪುಟ್ಟ ಜೀವ ಸಾಯಿಸುತ್ತಾರೆ ಅಂತ. ಅದಕ್ಕೆ ಒಂದೇ ಕಡೆ ಇರಿ ಅಂತ ನಿಯಮ ಆಯಿತು. ನಾಟಿ ಕಾಲದಲ್ಲಿ ಏರಿ ಮೇಲೆ ಯಾರಾದರೂ ಓಡಾಡಿದರೆ ನಮಗೂ ಸಿಟ್ಟು ಬರುತ್ತದೆ. ತಂದೆ ತಾಯಿಗೆ ಕಾಯಿಲೆ, ಪಾಠಕ್ಕೆ ಕರೆ ಬಂದಿದೆ ಅಂದರೆ ಏಳು ದಿನದವರೆಗೆ ಹೊರಗೆ ಹೋಗಲು ಅವಕಾಶ ಇದೆ. ನೀವು ಅಲ್ಲಿಗೆ ಹೋಗುವುದಕ್ಕೆ ಏನೂ ತಡೆಯಿಲ್ಲ, ಆ ತಿಂಗಳುಗಳಲ್ಲಿ ಪ್ರವಾಸಿಗರೂ ಕಡಿಮೆ. ನನ್ನ ಪ್ರಕಾರ ಹೋಗಲು ಒಳ್ಳೆಯ ಕಾಲ.

ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ಬರಿಗೈಯಲ್ಲಿ ಹೋದರೂ ನಡೆಯುತ್ತದೆ. ಗುರುಗಳನ್ನು ಕಾಣಲು ಹೋದರೆ ಖತಾ ಅನ್ನುವ ಬಿಳಿ ವಸ್ತ್ರ ಕೊಡುವುದು ರೂಢಿ, ಮಂದಿರದ ಹತ್ತಿರದ ಅಂಗಡಿಗಳಲ್ಲಿ ಸಿಗುತ್ತದೆ. ಮಡಿಕೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿ ಕೊಡಿ. ಹೆಚ್ಚಾಗಿ ಅವರು ಅದನ್ನೇ ನಿಮ್ಮ ಕೊರಳಿಗೆ ಹಾಕಿ ವಾಪಸ್‌ ಕೊಡುತ್ತಾರೆ. ಬೇಡ ಅಂದರು ಅಂತ ಅಂದುಕೊಳ್ಳಬೇಡಿ, ಅದು ಆಶೀರ್ವಾದ. ಮನೆಯಲ್ಲಿ ಬೆಳೆದ ಕಿತ್ತಳೆ, ಬಾಳೆಹಣ್ಣು, ಕಾಫಿ ಪುಡಿ ಕೊಟ್ಟರೆ ಖುಷಿಯಿಂದ ತೆಗೆದುಕೊಳ್ಳುತ್ತಾರೆ. ದುಡ್ಡು ಕೊಡುವುದಾದರೆ ಮಠದ ಕಚೇರಿಯಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ಬಸ್‌ ಸ್ಟ್ಯಾಂಡಿನಲ್ಲಿ ಕೆಂಪು ಬಟ್ಟೆ ತೊಟ್ಟು ತಾಯಿತ ಹಿಡಿದು ಕಾಸು ಕೇಳುವವರಿಗೆ ಕೊಡುವ ಮೊದಲು ಒಂದು ಕ್ಷಣ ಯೋಚಿಸಿ.

ಫೋಟೋ, ಸಮಯ, ಪರ್ಮಿಟ್‌?

ಪ್ರಾರ್ಥನೆ ನಡೆಯುವಾಗ ಮೊಬೈಲ್‌ ಒಳಗಿಡಿ. ಪ್ರಾರ್ಥನಾ ಚಕ್ರಗಳನ್ನು ಬಲಕ್ಕೆ, ನಾವು ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲೇ ತಿರುಗಿಸಿ. ಭಿಕ್ಷುಗಳ ಭುಜಕ್ಕೆ ಕೈಹಾಕಿ ಸೆಲ್ಫಿ ತೆಗೆಯಬೇಡಿ, ಭಿಕ್ಷುಣಿಯರ ಜೊತೆಯಂತೂ ಬೇಡವೇ ಬೇಡ. ಚಿಕ್ಕ ಹುಡುಗರು ಆಟ ಆಡುತ್ತಿದ್ದರೆ ಆಡಲಿ ಬಿಡಿ. ಲೋಸಾರ್‌ ಅಂದರೆ ಅವರ ಹೊಸ ವರ್ಷ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಅದಕ್ಕೆ ಮುಂಚಿನ ದಿನಗಳಲ್ಲಿ ಮುಖವಾಡದ ನೃತ್ಯ ಇರುತ್ತದೆ, ಜನ ಜಾಸ್ತಿ, ಬೇಗ ಹೋಗಿ ಜಾಗ ಹಿಡಿಯಿರಿ. ಭಾರತೀಯರು ಹೋಗಿ ಬರಲು ಪರ್ಮಿಟ್‌ ಬೇಡ. ವಿದೇಶಿ ಪಾಸ್‌ಪೋರ್ಟ್‌ ಇರುವವರು ಕ್ಯಾಂಪಿನಲ್ಲಿ ಉಳಿದುಕೊಳ್ಳಬೇಕಾದರೆ ಕೇಂದ್ರ ಗೃಹ ಇಲಾಖೆಯ ಪರ್ಮಿಟ್‌ ಬೇಕು, ಅದು ಕೈಗೆ ಬರಲು ಸಮಯ ಹಿಡಿಯುತ್ತದೆ. ಅಮೆರಿಕದಿಂದ ಬರುವ ಅಳಿಯ ಕಲಿಯಲು ಕೂರಬೇಕು ಅಂತಿದ್ದರೆ ಕೆಲವು ತಿಂಗಳು ಮೊದಲೇ ಅರ್ಜಿ ಹಾಕಿಸಿ. ಇಲ್ಲದಿದ್ದರೆ ಕುಶಾಲನಗರದಲ್ಲಿ ರೂಮು ಮಾಡಿಕೊಂಡು ಹಗಲು ಹೋಗಿ ಬರಲಿ, ಆಟೋದಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ.